ನಾಲ್ವರು ಹುಡುಗರು ಕಟ್ಟಿದ ನೀರೊಳಗಿನ ಗಾಡಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆಯಿಂದ ಸಾಮಾನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಮೊದಲು ಚಟ್ನಿಪುಡಿ ಡಬ್ಬಿಯ ಮುಚ್ಚಳ, ಆಮೇಲೆ ರಬ್ಬರ್ ಬ್ಯಾಂಡುಗಳು, ಕೊನೆಗೆ ನಾನು ಜೋಪಾನವಾಗಿ ಎತ್ತಿಟ್ಟಿದ್ದ ಚಿಕ್ಕ ಸ್ಕ್ರೂಡ್ರೈವರ್. ಕಳ್ಳ ಮನೆಯೊಳಗೇ ಇದ್ದುದರಿಂದ ಪೊಲೀಸರಿಗೆ ದೂರು ಕೊಡುವ ಪ್ರಸಂಗ ಬರಲಿಲ್ಲ. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ನನ್ನ ಮಗಳು ಮೂವರು ಗೆಳತಿಯರೊಂದಿಗೆ ಸೇರಿ ಒಂದು ಗಾಡಿ ಕಟ್ಟುತ್ತಿದ್ದಳು. ಯಾರೂ ನಡೆಸದೆ, ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ಹಿಡಿದು ತಾನೇ ಓಡುವ ಗಾಡಿ!

ಅದರ ಗುಟ್ಟನ್ನು ಅವಳೇ ನನಗೆ ಬಿಡಿಸಿ ಹೇಳಿದಳು. ಗಾಡಿಯ ಹೊಟ್ಟೆಯ ಕೆಳಗೆ ಪುಟ್ಟ ದೀಪಗಳಿರುತ್ತವೆ. ಅವು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬಿಳಿಯ ನೆಲ ಆ ಬೆಳಕನ್ನು ತಿರುಗಿ ಕಳಿಸುತ್ತದೆ, ಕಪ್ಪು ಗೆರೆ ಬಹುಪಾಲು ನುಂಗಿಬಿಡುತ್ತದೆ. ಪಕ್ಕದಲ್ಲಿರುವ ಸೆನ್ಸರ್ ಇದನ್ನು ಗುರುತಿಸುತ್ತದೆ. ಎಡಗಡೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಡೆ ಕಂಡರೆ ಬಲಕ್ಕೆ ತಿರುಗು. ಇಷ್ಟೇ ಅದರ ಸಂಸಾರ. ನಮ್ಮ ಮನೆಯ ಹಾಲ್‌ನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಅದು ಟೀಪಾಯಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಸ್ಪರ್ಧೆ ನಡೆದದ್ದು ಮುಂಬಯಿಯ ಒಂದು ಕಾಲೇಜಿನ ಸಭಾಂಗಣದಲ್ಲಿ, ಬೆಳಗಿನ ಹೊತ್ತು. ದೊಡ್ಡ ದೊಡ್ಡ ಕಿಟಕಿಗಳಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತಂತೆ. ಸೂರ್ಯನ ಬೆಳಕಿನಲ್ಲೂ ಅದೇ ಕಾಣದ ಬೆಳಕು ಧಾರಾಳವಾಗಿರುವುದರಿಂದ ಪಾಪದ ಸೆನ್ಸರ್‌ಗೆ ಕಪ್ಪು ಯಾವುದು, ಬಿಳುಪು ಯಾವುದು ತಿಳಿಯಲಿಲ್ಲ. ಗಾಡಿ ಗೆರೆ ಬಿಟ್ಟು ನೆಟ್ಟಗೆ ಹೋಗಿ ತೀರ್ಪುಗಾರರ ಮೇಜಿನ ಕಾಲಿಗೆ ಬಡಿದು ನಿಂತಿತು. ಅರ್ಧ ನಿಮಿಷದಲ್ಲಿ ಎರಡು ತಿಂಗಳ ದುಡಿಮೆ ಮುಗಿದುಹೋಯಿತು.

ಸಂಜೆ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಬಂದ ಮಗಳು ಚೀಲವನ್ನು ಮೂಲೆಗೆ ಇಟ್ಟು, "ಬಿಡಮ್ಮಾ, ಇದೆಲ್ಲ ನಮ್ಮಂಥವರಿಗಲ್ಲ. ದೊಡ್ಡ ಕಾಲೇಜಿನವರಿಗೆ ಲ್ಯಾಬ್ ಇದೆ, ಸ್ಪಾನ್ಸರ್ ಇದ್ದಾರೆ, ಸೀನಿಯರ್ಸ್ ಇದ್ದಾರೆ. ನಮಗೆ ಯಾರಿದ್ದಾರೆ?" ಎಂದಳು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ಇಂಗ್ಲಿಷು.

ಸೋಲು ದೊಡ್ಡದಲ್ಲ. ಆದರೆ "ನಮ್ಮಂಥವರು" ಎಂಬ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅದಕ್ಕೆ ಉತ್ತರವಾಗಿ ಆ ರಾತ್ರಿ ನಾನು ಅವಳಿಗೆ ಹೇಳಿದ ಕಥೆಯನ್ನೇ ನಮ್ಮ ಸಂಘದ ಯುವ ಮಿತ್ರರಿಗೂ ಹೇಳಬೇಕೆಂದು ಈ ಲೇಖನ. ಇದು ಕಟ್ಟುಕಥೆಯಲ್ಲ. ಜೋಶುವಾ ಡೇವಿಸ್ ಎಂಬ ಅಮೆರಿಕದ ಪತ್ರಕರ್ತರು 2005ರಲ್ಲಿ 'ವೈರ್ಡ್' ಪತ್ರಿಕೆಯಲ್ಲಿ ಬರೆದು, 2014ರಲ್ಲಿ 'ಸ್ಪೇರ್ ಪಾರ್ಟ್ಸ್' ಎಂಬ ಪುಸ್ತಕವಾಗಿ ತಂದ ನಿಜಸಂಗತಿ. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಮಾಡಿದ ನಾನು ಕಾದಂಬರಿ, ಕಾವ್ಯಗಳನ್ನು ಓದಿದವಳು. ಬೆಸುಗೆ, ಮೋಟಾರು, ಪೈಪುಗಳ ಪುಸ್ತಕವೊಂದು ನನ್ನನ್ನು ನಡುರಾತ್ರಿಯವರೆಗೆ ಎಚ್ಚರವಾಗಿಟ್ಟೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮರುಭೂಮಿಯ ಹುಡುಗರು

ಅಮೆರಿಕದ ಅರಿಝೋನಾ ರಾಜ್ಯದ ರಾಜಧಾನಿ ಫೀನಿಕ್ಸ್. ಸುತ್ತಲೂ ಮರುಭೂಮಿ. ಆ ಊರಿನ ಪಶ್ಚಿಮ ಭಾಗದ ಬಡ ಬಡಾವಣೆಯಲ್ಲಿ ಕಾರ್ಲ್ ಹೇಡನ್ ಹೆಸರಿನ ಒಂದು ಸರಕಾರಿ ಹೈಸ್ಕೂಲಿದೆ. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. ತಂದೆತಾಯಿಯರು ಕೂಲಿನಾಲಿ ಮಾಡಿ ಬದುಕುವವರು.

2004ರಲ್ಲಿ ಆ ಶಾಲೆಯ ನಾಲ್ವರು ಹುಡುಗರು ಒಂದಾದರು. ವಯಸ್ಸು 16ರಿಂದ 18. ಕ್ರಿಸ್ಟಿಯನ್ ಅರ್ಸೇಗಾ ಚಿಕ್ಕಂದಿನಿಂದಲೇ ಮನೆಯ ರೇಡಿಯೋ ಬಿಚ್ಚಿ ನೋಡಿದ ಬುದ್ಧಿವಂತ. ಅವನ ವಾಸ ಮಾತ್ರ ಪ್ಲೈವುಡ್ ಹಲಗೆಗಳಿಂದ ಕಟ್ಟಿದ ಒಂದು ಪುಟ್ಟ ಗೂಡಿನಲ್ಲಿ. ಲೊರೆಂಝೊ ಸಾಂಟಿಯಾನ್ ಸಿಟ್ಟಿನ ಹುಡುಗ. ಆದರೆ ಕಾರು ರಿಪೇರಿ ಮಾಡುವವರ ಜೊತೆ ನಿಂತು ನಟ್ಟು ಬೋಲ್ಟುಗಳ ಭಾಷೆ ಕಲಿತವನು. ಆಸ್ಕರ್ ವಾಸ್ಕೆಝ್ 12ನೆಯ ವಯಸ್ಸಿನಲ್ಲಿ ಮೆಕ್ಸಿಕೋದಿಂದ ಬಂದವನು. ನಮ್ಮ ಎನ್.ಸಿ.ಸಿ.ಯಂಥ ದಳದಲ್ಲಿ ಮುಂದಾಳು, ಸೈನ್ಯಕ್ಕೆ ಸೇರುವುದು ಅವನ ಕನಸು. ನಾಲ್ಕನೆಯವನು ಲೂಯಿಸ್ ಅರಾಂಡಾ. ಭಾರಿ ಆಳು, ಮಾತು ಕಡಿಮೆ.

ಇವರಲ್ಲಿ ಲೂಯಿಸ್ ಒಬ್ಬನನ್ನು ಬಿಟ್ಟರೆ ಉಳಿದ ಮೂವರಿಗೂ ಆ ದೇಶದಲ್ಲಿ ಇರಲು ಬೇಕಾದ ಕಾಗದಪತ್ರಗಳಿರಲಿಲ್ಲ. ತಂದೆತಾಯಿಗಳ ಕೈಹಿಡಿದು ಗಡಿ ದಾಟಿ ಬಂದ ಮಕ್ಕಳು. ಆಸ್ಕರ್ ಸೈನ್ಯಕ್ಕೆ ಸೇರಲು ಹೋದಾಗ ಈ ಕಾಗದದ ಪ್ರಶ್ನೆಯೇ ಅಡ್ಡವಾಯಿತು.

ಇವರಿಗೆ ಬೆನ್ನೆಲುಬಾಗಿ ನಿಂತವರು ಇಬ್ಬರು ಶಿಕ್ಷಕರು. ಕಂಪ್ಯೂಟರ್ ಕಲಿಸುವ ಅಲನ್ ಕ್ಯಾಮರಾನ್ ಮತ್ತು ವಿಜ್ಞಾನ ಕಲಿಸುವ ಫ್ರೆಡಿ ಲಾಜ್ವರ್ದಿ. ಫ್ರೆಡಿ ಕೂಡ ಇರಾನಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಹೊರಗಿನಿಂದ ಬಂದ ಮಕ್ಕಳ ಮನಸ್ಸು ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದಲ್ಲಿ ನೀರೊಳಗೆ ಚಲಿಸುವ ರೋಬೋಗಳ ಸ್ಪರ್ಧೆ ಏರ್ಪಾಡಾಗಿತ್ತು. ಹೈಸ್ಕೂಲಿನವರಿಗೆ ಒಂದು ವಿಭಾಗ, ಕಾಲೇಜಿನವರಿಗೆ ಇನ್ನೊಂದು. ಶಿಕ್ಷಕರು ತಮ್ಮ ಹುಡುಗರನ್ನು ಕಾಲೇಜು ವಿಭಾಗಕ್ಕೇ ಸೇರಿಸಿಬಿಟ್ಟರು! ಅವರ ತರ್ಕ ಸರಳವಾಗಿತ್ತು. ಹೈಸ್ಕೂಲಿನವರ ಎದುರು ಸೋತರೆ ಹುಡುಗರ ಮನಸ್ಸು ಮುರಿದೀತು. ಕಾಲೇಜಿನವರ ಎದುರು ಸೋತರೆ ನಾಚಿಕೆ ಏನು? ಆ ವಿಭಾಗದಲ್ಲಿ ಜಗತ್ಪ್ರಸಿದ್ಧ ಎಂ.ಐ.ಟಿ. ಸಂಸ್ಥೆಯ ತಂಡವೂ ಇತ್ತು. ಅವರ ಬೆನ್ನಿಗೆ ದೊಡ್ಡ ತೈಲ ಕಂಪನಿಯ ನೆರವು, ಒಟ್ಟು ಖರ್ಚು ಸುಮಾರು 11,000 ಡಾಲರ್. ನಮ್ಮ ಹುಡುಗರ ಗಾಡಿಗೆ ತಗುಲಿದ್ದು ಸುಮಾರು 800 ಡಾಲರ್.

ಪೈಪು, ಗೋಂದು, ಬಲೂನು

ಎಂಟುನೂರು ಡಾಲರಿಗೆ ಲೋಹದ ಚೌಕಟ್ಟು ಬರುತ್ತದೆಯೇ? ಬರುವುದಿಲ್ಲ. ಹಾಗಾಗಿ ಹುಡುಗರು ನಲ್ಲಿಗೆ ಹಾಕುವ ಪಿ.ವಿ.ಸಿ. ಪೈಪುಗಳನ್ನು ತಂದರು. ಕತ್ತರಿಸುವುದು ಸುಲಭ, ಗೋಂದು ಹಚ್ಚಿ ಕೂಡಿಸುವುದು ಸುಲಭ, ಒಳಗೆ ಗಾಳಿ ತುಂಬಿದ್ದರಿಂದ ತೇಲುವ ಗುಣ ಪುಕ್ಕಟೆ. ಆ ಗೋಂದಿನ ವಾಸನೆ ಮಾತ್ರ ಮೂಗು ಮುಚ್ಚಿಕೊಳ್ಳುವಂತಿತ್ತು. ಅದೇ ಕಾರಣಕ್ಕೆ ಗಾಡಿಗೆ 'ಸ್ಟಿಂಕಿ' ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ನಾತದ ಬಂಡಿ'.

ನೀರೊಳಗಿನ ಗಾಡಿಯ ಕಷ್ಟವೇ ಬೇರೆ. ಖಾಲಿ ಕೊಡ ಬಾವಿಯಲ್ಲಿ ತೇಲುತ್ತದೆ, ತುಂಬಿದ ಕೊಡ ತಳಕ್ಕೆ ಹೋಗುತ್ತದೆ. ಇವೆರಡರ ನಡುವೆ, ತೇಲದೆ ಮುಳುಗದೆ, ನಿಲ್ಲಿಸಿದ ಕಡೆಯಲ್ಲೇ ನಿಲ್ಲುವ ಹದ ಬೇಕು. ಇದನ್ನು ನೀವೂ ಮಾಡಿ ನೋಡಬಹುದು. ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ಸ್ವಲ್ಪವೇ ಮರಳು ಹಾಕುತ್ತಾ, ಮುಚ್ಚಿ, ಬಕೆಟ್ಟಿನಲ್ಲಿ ಬಿಡುತ್ತಾ ಹೋಗಿ. ಒಂದು ಚಮಚೆಯಷ್ಟು ಮರಳು ಕಡಿಮೆಯಾದರೆ ಮೇಲೆ, ಹೆಚ್ಚಾದರೆ ಕೆಳಗೆ. ಉಪ್ಪಿಟ್ಟಿಗೆ ನೀರು ಹಾಕುವ ಹದಕ್ಕಿಂತ ಇದು ಕಠಿಣ.

ಇನ್ನೊಂದು ತೊಡಕು. ನೀರಿನಲ್ಲಿ ರೇಡಿಯೋ ಅಲೆಗಳು ದೂರ ಸಾಗುವುದಿಲ್ಲ. ಆಟಿಕೆಯ ಕಾರಿನಂತೆ ರಿಮೋಟ್ ಹಿಡಿದು ನಡೆಸಲು ಬರುವುದಿಲ್ಲ. ಆದ್ದರಿಂದ ದಡದಿಂದ ಗಾಡಿಯವರೆಗೆ ಉದ್ದನೆಯ ಕೇಬಲ್ ಬೇಕು. ಅದು ಗಾಡಿಯ ಹೊಕ್ಕುಳಬಳ್ಳಿ ಇದ್ದಂತೆ. ಅದನ್ನು ಗಂಟಾಗದಂತೆ ಬಿಡುವುದು, ಎಳೆಯುವುದು, ಸುಮಾರು 45 ಕಿಲೋ ತೂಗುವ ಗಾಡಿಯನ್ನು ನೀರಿಗಿಳಿಸಿ ಎತ್ತುವುದು ಲೂಯಿಸ್‌ನ ಕೆಲಸ. ಮಾತು ಕಡಿಮೆಯಾದವನಿಗೂ ತಂಡದಲ್ಲಿ ಜಾಗವಿತ್ತು ನೋಡಿ!

ಗಾಡಿಯನ್ನು ಮುಂದೆ ತಳ್ಳಲು ಮೀನು ಹಿಡಿಯುವ ಸಣ್ಣ ದೋಣಿಗಳಿಗೆ ಹಾಕುವ ವಿದ್ಯುತ್ ಮೋಟಾರುಗಳು. ಉದ್ದ ಅಳೆಯಲು ಕಟ್ಟಡ ಕೆಲಸದವರು ಬಳಸುವ ಲೇಸರ್ ಅಳತೆಯ ಸಾಧನ. ಬೆಳಕು ನೀರಿನಲ್ಲಿ ಗಾಳಿಗಿಂತ ನಿಧಾನವಾಗಿ ಸಾಗುವುದರಿಂದ ಅದು ತೋರಿಸುವ ಅಂಕಿಯನ್ನು ಲೆಕ್ಕ ಹಾಕಿ ತಿದ್ದಿಕೊಳ್ಳಬೇಕಿತ್ತು.

ಎಲ್ಲಕ್ಕಿಂತ ಕಷ್ಟದ ಪರೀಕ್ಷೆ ಬೇರೆಯೇ ಇತ್ತು. ನೀರಿನಡಿಯ ಪೀಪಾಯಿಯಿಂದ, ಅರ್ಧ ಇಂಚಿನ ಕೊಳವೆಯ ಮೂಲಕ 500 ಮಿಲಿಲೀಟರ್ ದ್ರವವನ್ನು ಹೀರಿ ತರಬೇಕು. ನಾವು ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುತ್ತೇವಲ್ಲ, ಅದನ್ನೇ ಮೇಲಿನಿಂದ ಕ್ಯಾಮರಾದಲ್ಲಿ ನೋಡುತ್ತಾ, ಅಲುಗಾಡುವ ಗಾಡಿಯಿಂದ ಮಾಡಬೇಕು. ಹುಡುಗರು ಒಂದು ತಾಮ್ರದ ಕೊಳವೆ, ಒಂದು ಪುಟ್ಟ ಪಂಪು ಮತ್ತು ದ್ರವ ತುಂಬಿಕೊಳ್ಳಲು ಒಂದು ಬಲೂನನ್ನು ಜೋಡಿಸಿದರು. ಹುಟ್ಟುಹಬ್ಬಕ್ಕೆ ಊದುವ ಬಲೂನು!

ಇದೆಲ್ಲ ಅವರಿಗೆ ಹೇಗೆ ಹೊಳೆಯಿತು ಎಂದು ನೀವು ಕೇಳಬಹುದು. ಎಲ್ಲವೂ ತಾನಾಗಿ ಹೊಳೆಯಲಿಲ್ಲ. ತಿಳಿಯದ್ದನ್ನು ಅವರು ಕೇಳಿದರು. ಉಪಕರಣ ತಯಾರಿಸುವ ಕಂಪನಿಗಳಿಗೆ ಫೋನ್ ಮಾಡಿ, ನಾವು ಹೈಸ್ಕೂಲಿನ ಹುಡುಗರು, ಇಂಥದೊಂದು ಗಾಡಿ ಕಟ್ಟುತ್ತಿದ್ದೇವೆ, ಇದು ಹೇಗೆ ಎಂದು ವಿಚಾರಿಸಿದರು. ಅನುಭವಿ ಇಂಜಿನಿಯರುಗಳು ಬೇಸರಿಸದೆ ಹೇಳಿಕೊಟ್ಟರು. ಕೆಲವರು ಉಪಕರಣಗಳನ್ನೂ ಕೊಟ್ಟರು.

ಅಂಗಡಿಯಲ್ಲೊಂದು ಪ್ರಸಂಗ

ಸಾಂಟಾ ಬಾರ್ಬರಾ ತಲುಪಿ ಅಭ್ಯಾಸಕ್ಕೆಂದು ಗಾಡಿಯನ್ನು ನೀರಿಗೆ ಇಳಿಸಿದಾಗ ಎದೆ ಒಡೆಯುವಂಥ ಸಂಗತಿ ನಡೆಯಿತು. ವಿದ್ಯುತ್ ಉಪಕರಣಗಳನ್ನು ಅವರು ನೀರು ಹೋಗದ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಪೆಟ್ಟಿಗೆಯೊಳಗೇ ನೀರು ಜಿನುಗಿತ್ತು! ಗಾಡಿಯ ಮಿದುಳಿಗೇ ನೀರು ಹೊಕ್ಕಂತೆ. ರಿಪೇರಿಗೆ ಉಳಿದಿದ್ದ ಸಮಯ ಬಹಳ ಕಡಿಮೆ. ರಾತ್ರಿಯೆಲ್ಲ ನಿದ್ದೆಗೆಟ್ಟು, ಕೂದಲೆಳೆಯಂಥ ತಂತಿಗಳನ್ನು ಒಂದೊಂದಾಗಿ ಮತ್ತೆ ಬೆಸೆದರು. ಆದರೂ ನೀರು ಮತ್ತೆ ಜಿನುಗಿದರೆ? ಒಳಗೆ ಬಂದ ಹನಿಗಳನ್ನು ಥಟ್ಟನೆ ಹೀರಿಕೊಳ್ಳುವಂಥದು ಏನಾದರೂ ಬೇಕು. ಚಿಕ್ಕದಾಗಿರಬೇಕು, ಅಗ್ಗವಾಗಿರಬೇಕು, ಈಗಲೇ ಸಿಗಬೇಕು.

ಹೆಂಗಸರು ತಿಂಗಳ ದಿನಗಳಲ್ಲಿ ಬಳಸುವ 'ಟ್ಯಾಂಪನ್' ಆ ಕೆಲಸಕ್ಕೆ ಹೇಳಿಮಾಡಿಸಿದ್ದಾಗಿತ್ತು. ಅದನ್ನು ಕೊಂಡು ತರುವ ಹೊಣೆ ಲೊರೆಂಝೊನ ಪಾಲಿಗೆ ಬಂತು. ಹದಿನಾರರ ಹುಡುಗ, ಗಂಡಸುತನದ ಜಂಬದ ಬಡಾವಣೆಯಿಂದ ಬಂದವನು! ಅಂಗಡಿಯ ಕಪಾಟಿನ ಮುಂದೆ ನಿಂತಾಗ ಹತ್ತಾರು ಬಗೆ ಕಂಡು ತಲೆ ತಿರುಗಿತು. ಕೊನೆಗೆ ಧೈರ್ಯಮಾಡಿ ಅಲ್ಲಿದ್ದ ಒಬ್ಬ ಅಪರಿಚಿತ ಹೆಂಗಸನ್ನೇ ಕೇಳಿದ. ಎಲ್ಲಕ್ಕಿಂತ ಹೆಚ್ಚು ಹೀರುವುದು ಯಾವುದು, ತನ್ನ ರೋಬೋಗೆ ಬೇಕಾಗಿದೆ ಎಂದ. ಆ ತಾಯಿ ನಗುತ್ತಾ ಒಂದು ಡಬ್ಬಿ ಆರಿಸಿಕೊಟ್ಟು, ಗೆದ್ದು ಬಾ ಎಂದು ಹಾರೈಸಿದಳಂತೆ.

ಈ ಪ್ರಸಂಗವನ್ನು ಓದುವಾಗ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಏಕೆಂದರೆ ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ನಾನು ಕಿರಾಣಿ ಅಂಗಡಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಮರಾಠಿ ಬಾರದು, ಹಿಂದಿ ತಪ್ಪಾಗುತ್ತದೆ, ಇಂಗ್ಲಿಷ್ ಆಡಿದರೆ ಜಂಬ ಎನ್ನುತ್ತಾರೆ. ಬೆರಳು ತೋರಿಸಿ ಸಾಮಾನು ತರುತ್ತಿದ್ದೆ. ಅವಲಕ್ಕಿಗೆ ಮರಾಠಿಯಲ್ಲಿ 'ಪೋಹೆ' ಎನ್ನುತ್ತಾರೆಂದು ಕೇಳಿ ತಿಳಿದುಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು. ಬಿ.ಎ. ಪದವಿ ಪೆಟ್ಟಿಗೆಯಲ್ಲಿತ್ತು, ನಾಲಿಗೆಯ ಮೇಲೆ ಬೀಗ ಬಿದ್ದಿತ್ತು. ಗೊತ್ತಿಲ್ಲ ಎನ್ನುವುದರಲ್ಲಿ ಅವಮಾನವಿದೆ ಎಂದು ನಾನು ತಿಳಿದಿದ್ದೆ. ಆ ಹುಡುಗ ಒಂದೇ ಕ್ಷಣದಲ್ಲಿ ಆ ಬೀಗವನ್ನು ಒಡೆದುಬಿಟ್ಟ.

ಗೆದ್ದದ್ದು ಯಾವುದರಿಂದ?

ಸ್ಪರ್ಧೆಯ ದಿನ ಹತ್ತಿ ತನ್ನ ಕೆಲಸ ಮಾಡಿತು. ಬಲೂನೂ ತನ್ನ ಕೆಲಸ ಮಾಡಿತು. ಅನೇಕ ತಂಡಗಳಿಗೆ ಆಗದಿದ್ದ ದ್ರವ ತರುವ ಪರೀಕ್ಷೆಯನ್ನು ಈ ಹುಡುಗರು ಪಾರುಮಾಡಿದರು. ಆದರೂ ನೀರೊಳಗಿನ ಕೆಲಸಗಳ ಅಂಕಗಳಲ್ಲಿ ಮುಂದಿದ್ದವರು ಎಂ.ಐ.ಟಿ.ಯವರೇ. ಇದನ್ನು ಮರೆಯಬಾರದು. ಹಾಗಾದರೆ ಅವರು ಗೆದ್ದದ್ದು ಯಾವುದರಿಂದ?

ಗಾಡಿಯ ಓಟಕ್ಕಷ್ಟೇ ಅಲ್ಲ, ಅದರ ಬಗ್ಗೆ ಬರೆದ ವರದಿಗೂ, ತೀರ್ಪುಗಾರರ ಎದುರು ನಿಂತು ಕೊಡುವ ವಿವರಣೆಗೂ ಅಂಕಗಳಿದ್ದವು. ಅನುಭವಿ ತೀರ್ಪುಗಾರರು ಪ್ರಶ್ನೆಗಳ ಮಳೆಗರೆದರು. ಪ್ರತಿ ತಂತಿ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದು ಹುಡುಗರಿಗೆ ಬಾಯಿಪಾಠವಾಗಿತ್ತು. ಬಾಯಿಪಾಠವೇನು, ಕೈಪಾಠವಾಗಿತ್ತು! ಪರದೆಯ ಮೇಲೆ ತೋರಿಸಲು ಸ್ಲೈಡುಗಳನ್ನು ಯಾಕೆ ತರಲಿಲ್ಲ ಎಂದು ಒಬ್ಬರು ಕೇಳಿದಾಗ ಕ್ರಿಸ್ಟಿಯನ್, ಏನು ಹೇಳಬೇಕೆಂದು ಗೊತ್ತಿಲ್ಲದವರಿಗೆ ಮಾತ್ರ ಅದು ಬೇಕು ಎಂಬರ್ಥದ ಉತ್ತರ ಕೊಟ್ಟ.

ಬಹುಮಾನ ವಿತರಣೆಯ ಹೊತ್ತಿಗೆ ವಿನ್ಯಾಸಕ್ಕೆ ಬಹುಮಾನ ಬಂತು. ಆಮೇಲೆ ತಾಂತ್ರಿಕ ಬರವಣಿಗೆಗೆ ಬಹುಮಾನ ಬಂತು. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ, ಇಂಗ್ಲಿಷ್ ಬರವಣಿಗೆಯಲ್ಲಿ! ಕೊನೆಗೆ ಒಟ್ಟಾರೆ ಪ್ರಥಮ ಸ್ಥಾನ ಕಾರ್ಲ್ ಹೇಡನ್ ಹೈಸ್ಕೂಲಿಗೆ, ಎರಡನೆಯದು ಎಂ.ಐ.ಟಿ.ಗೆ.

ಇಂಗ್ಲಿಷ್ ಓದಿದವಳಾಗಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಬರವಣಿಗೆಯ ಬಹುಮಾನ. ಎರಡನೆಯ ಭಾಷೆಯಲ್ಲಿ ಬರೆಯುವವನಿಗೆ ಅಲಂಕಾರದ ಮಾತುಗಳ ಹಿಂದೆ ಅಡಗಿಕೊಳ್ಳಲು ಬರುವುದಿಲ್ಲ. ವಿಷಯ ತಿಳಿದಿರಲೇಬೇಕು, ತಿಳಿದದ್ದನ್ನು ನೇರವಾಗಿ ಹೇಳಲೇಬೇಕು. ಭಾಷೆ ಮುರುಕಲು ಎಂದು ನಾಚುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಕಪ್ ಗೆದ್ದ ಮೇಲೆ

ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ'. 2015ರಲ್ಲಿ ಈ ಕಥೆ ಸಿನಿಮಾ ಆದದ್ದೂ ಉಂಟು. ಆದರೆ ಬದುಕು ಅಷ್ಟು ಬೇಗ ಪರದೆ ಎಳೆಯುವುದಿಲ್ಲ. ಮಕ್ಕಳಿಗೆ ಅರ್ಧ ಕಥೆ ಹೇಳಿ ಮಲಗಿಸುವುದು ನನಗೆ ಸರಿಬರದ ಕಾರಣ ಉಳಿದದ್ದನ್ನೂ ಹೇಳುತ್ತೇನೆ.

ಪತ್ರಿಕೆಯಲ್ಲಿ ಲೇಖನ ಓದಿದ ಜನ ಈ ಹುಡುಗರ ಓದಿಗೆಂದು ಹಣ ಕಳಿಸಿದರು. ಕ್ರಿಸ್ಟಿಯನ್ ಮತ್ತು ಆಸ್ಕರ್ ಅರಿಝೋನಾ ರಾಜ್ಯ ವಿಶ್ವವಿದ್ಯಾಲಯ ಸೇರಿದರು. ಆದರೆ 2006ರಲ್ಲಿ ಆ ರಾಜ್ಯದ ಮತದಾರರು ಒಂದು ಹೊಸ ಕಾನೂನಿಗೆ ಒಪ್ಪಿಗೆಯಿತ್ತರು. ಅದರಿಂದಾಗಿ ಕಾಗದಪತ್ರವಿಲ್ಲದ ವಿದ್ಯಾರ್ಥಿಗಳು ಆಗ ಹೊರರಾಜ್ಯದವರಂತೆ ದುಬಾರಿ ಶುಲ್ಕ ಕಟ್ಟಬೇಕಾಯಿತು, ಸರಕಾರದ ನೆರವೂ ಇಲ್ಲವಾಯಿತು. ತಂಡದ ಮಿದುಳಾಗಿದ್ದ ಕ್ರಿಸ್ಟಿಯನ್ ಓದು ಬಿಡಬೇಕಾಯಿತು. ಆಮೇಲೆ ಅವನು ಮನೆಕಟ್ಟುವ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಆಸ್ಕರ್ ಪಟ್ಟು ಬಿಡದೆ 2009ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದ. ಪದವಿಯೇನೋ ಸಿಕ್ಕಿತು, ಕೆಲಸ ಮಾಡುವ ಹಕ್ಕು ಎಲ್ಲಿಂದ ಬರಬೇಕು? ಹೆಂಡತಿ, ಹಸುಗೂಸನ್ನು ಬಿಟ್ಟು ತಾನಾಗಿ ಮೆಕ್ಸಿಕೋಗೆ ಮರಳಿ, ಕಾನೂನುಬದ್ಧವಾಗಿ ಬರುತ್ತೇನೆಂದು ಅರ್ಜಿ ಹಾಕಿದ. ಹತ್ತು ವರ್ಷ ಬರಕೂಡದು ಎಂಬ ಉತ್ತರ ಬಂತು. ಸೆನೆಟರ್ ಡಿಕ್ ಡರ್ಬಿನ್ ಅವನ ಪರವಾಗಿ ನಿಂತ ಮೇಲೆ 2010ರಲ್ಲಿ ಆ ನಿರ್ಬಂಧ ತೆರವಾಯಿತು. ಹಿಂದಿರುಗಿ ಬಂದವನೇ ಚಿಕ್ಕಂದಿನ ಕನಸಿನಂತೆ ಸೈನ್ಯ ಸೇರಿದ, ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ, ಆ ದೇಶದ ಪೌರನಾದ.

ಲೊರೆಂಝೊ ಅಡುಗೆ ಕಲಿಯುವ ಶಾಲೆಗೆ ಹೋದ. ಮುಂದೆ ಲೂಯಿಸ್ ಜೊತೆ ಸೇರಿ ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ವ್ಯಾಪಾರ ಆರಂಭಿಸಿದ. ಊರು ಬಿಟ್ಟು ಬಂದು ಒಲೆ ಹಚ್ಚಿ ಬದುಕು ಕಟ್ಟಿಕೊಳ್ಳುವುದು ಮುಂಬಯಿ ಕನ್ನಡಿಗರಾದ ನಮಗೆ ಹೊಸ ಸುದ್ದಿಯೇ? ಆ ವ್ಯಾಪಾರಕ್ಕೆ ಅವರಿಟ್ಟ ಹೆಸರು ಕೇಳಿ. ಸ್ಪ್ಯಾನಿಷ್‌ನಲ್ಲಿ 'ನಿ ದೆ ಅಕಿ, ನಿ ದೆ ಆಯಾ'. ಅಂದರೆ 'ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ'.

ಈ ಮಾತು ಕೇಳಿ ಅಲ್ಲಿಯವರೆಗೆ ಮಲಗಿದ್ದ ಮಗಳು ಎದ್ದು ಕುಳಿತಳು. "ಅಮ್ಮಾ, ಇದು ನಮ್ಮದೇ ಡೈಲಾಗ್" ಎಂದಳು. ಧಾರವಾಡಕ್ಕೆ ಹೋದರೆ ಅವಳು 'ಬಾಂಬೆ ಹುಡುಗಿ'. ಇಲ್ಲಿ ಕಾಲೇಜಿನಲ್ಲಿ 'ಸೌತ್ ಇಂಡಿಯನ್'. ನಿಮ್ಮಲ್ಲಿ ಅನೇಕರ ಕಥೆಯೂ ಇದೇ ಅಲ್ಲವೇ?

ಹಾಗೆಂದು ಅವರ ಕಷ್ಟವನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನಾವು ನಮ್ಮ ದೇಶದಲ್ಲೇ ಇದ್ದೇವೆ. ಹುಬ್ಬಳ್ಳಿಯಿಂದ ಮುಂಬಯಿಗೆ ಬರಲು ರೈಲಿನ ಟಿಕೆಟ್ ಸಾಕು, ಯಾರ ಅಪ್ಪಣೆಯೂ ಬೇಡ. ಪರೀಕ್ಷೆ ಬರೆಯಲು, ಕೆಲಸ ಹಿಡಿಯಲು ನಮಗೆ ಹಕ್ಕಿದೆ. ಕ್ರಿಸ್ಟಿಯನ್‌ಗೆ ಇಲ್ಲದಿದ್ದ ಬಾಗಿಲು ನಮ್ಮ ಮಕ್ಕಳಿಗೆ ತೆರೆದೇ ಇದೆ. ಪೊವಾಯಿಯ ಐ.ಐ.ಟಿ. ವಿದ್ಯಾರ್ಥಿಗಳು 'ಮತ್ಸ್ಯ' ಎಂಬ ಹೆಸರಿನ, ನೀರೊಳಗೆ ತಾನೇ ದಾರಿ ಕಂಡುಕೊಳ್ಳುವ ವಾಹನಗಳನ್ನು ಕಟ್ಟಿ ಅಮೆರಿಕದ ಸ್ಪರ್ಧೆಗಳಿಗೆ ಒಯ್ದಿದ್ದಾರೆ. ಇವೆಲ್ಲ ನಮ್ಮ ಲೋಕಲ್ ರೈಲಿನ ದೂರದಲ್ಲೇ ನಡೆಯುತ್ತವೆ. ಇಷ್ಟಿದ್ದೂ 'ನಮ್ಮಂಥವರಿಗಲ್ಲ' ಎಂದು ನಾವೇ ಬಾಗಿಲು ಹಾಕಿಕೊಂಡರೆ ತಪ್ಪು ಯಾರದು?

ನಮ್ಮ ಕಟ್ಟಡದ ಎರಡನೆಯ ಮಹಡಿ

ಕಥೆ ಮುಗಿದ ಮೇಲೆ ನಾನು ಮಗಳನ್ನು ಒಂದೇ ಪ್ರಶ್ನೆ ಕೇಳಿದೆ. "ನೀವು ಯಾರನ್ನಾದರೂ ಕೇಳಿದಿರಾ?"

ಇಲ್ಲ ಎಂದಳು. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ವಿಜಾಪುರದ ಕಡೆಯವರು. ಗಣಪತಿ ಹಬ್ಬಕ್ಕೆ ಪ್ರಸಾದ ಕೊಡಲು ಹೋಗುವುದನ್ನು ಬಿಟ್ಟರೆ ಇವಳು ಅವರ ಮನೆಯ ಮೆಟ್ಟಿಲು ಹತ್ತಿದವಳಲ್ಲ. ಕಾರಣ ಕೇಳಿದರೆ, "ಅವರು ಶುದ್ಧ ಕನ್ನಡ ಮಾತಾಡ್ತಾರಮ್ಮಾ, ನನ್ನ ಕನ್ನಡ ಕೇಳಿ ನಗ್ತಾರೆ" ಎಂದಳು. ಅಲ್ಲಿಗೆ ನನಗೆ ಎಲ್ಲವೂ ಅರ್ಥವಾಯಿತು. ತಾಯಿಯ ನಾಲಿಗೆಯ ಮೇಲಿದ್ದ ಬೀಗ ಮಗಳಿಗೆ ಬಳುವಳಿಯಾಗಿ ಬಂದಿತ್ತು. ನಾನು ಮರಾಠಿಗೆ ಹೆದರಿದ್ದೆ, ಅವಳು ಕನ್ನಡಕ್ಕೆ ಹೆದರಿದ್ದಳು!

ಮರುದಿನ ಭಾನುವಾರ. ನಾಲ್ವರು ಹುಡುಗಿಯರೂ ಗಾಡಿ ಹಿಡಿದುಕೊಂಡು ಎರಡನೆಯ ಮಹಡಿಗೆ ಹೋದರು. ಹಿಂದೆ ಹಿಂದೆ ನಾನೂ ಒಂದು ತಟ್ಟೆ ಚುರುಮುರಿ ಹಿಡಿದು ಹೋದೆ.

"ಕಾಕಾ, ನಮ್ಮ ಗಾಡಿ... ಬಿಸಿಲಲ್ಲಿ... ಕನ್‌ಫ್ಯೂಸ್ ಆಗ್ತದೆ" ಎಂದು ಮಗಳು ತೊದಲಿದಳು.

ಅವರು ನಗಲಿಲ್ಲ. "ಬಾರವಾ, ಕೂಡು. ಮೊದಲ ಗಾಡಿ ತೋರಸು" ಎಂದು ಕನ್ನಡಕ ಹಾಕಿಕೊಂಡು ಅದನ್ನು ಬೋರಲು ಹಾಕಿ ನೋಡಿದರು. ಐದು ನಿಮಿಷ ನೋಡಿ, "ಸಿಗ್ನಲ್ ದೀಪಕ್ಕ ಮ್ಯಾಲೆ ಒಂದು ಟೊಪ್ಪಿಗಿ ಇರತೈತಿ, ನೋಡೀಯೇನು? ಬಿಸಲಾಗ ದೀಪ ಕಾಣಲಿ ಅಂತ. ನಿನ್ನ ಗಾಡಿಗೂ ಒಂದು ಟೊಪ್ಪಿಗಿ ಹಾಕವಾ" ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಎಲ್ಲಿ ಓಡಿಸುತ್ತೀರೋ ಅಲ್ಲಿಯ ನೆಲದ ಮೇಲೆ ಗಾಡಿಯನ್ನು ಮೊದಲು ಇಟ್ಟು, ಕಪ್ಪಿನ ಮೇಲೆ ಸೆನ್ಸರ್ ಎಷ್ಟು ತೋರಿಸುತ್ತದೆ, ಬಿಳಿಯ ಮೇಲೆ ಎಷ್ಟು ತೋರಿಸುತ್ತದೆ ಎಂದು ಬರೆದುಕೊಂಡು ಆಮೇಲೆ ಓಡಿಸಬೇಕು. ಮನೆಯ ನೆಲವೇ ಬೇರೆ, ಪರೀಕ್ಷೆಯ ನೆಲವೇ ಬೇರೆ.

ಮಿಠಾಯಿ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ, ಕಪ್ಪು ಬಣ್ಣ ಬಳಿದು, ಸೆನ್ಸರಿನ ಸುತ್ತ ಸೆರಗಿನಂತೆ ಅಂಟಿಸಿದರು. ಅಂದೇ ಮಧ್ಯಾಹ್ನ ಕಟ್ಟಡದ ಗಚ್ಚಿಯ ಮೇಲೆ, ಸುಡುಬಿಸಿಲಿನಲ್ಲಿ, ಆ ಗಾಡಿ ಗೆರೆ ಬಿಡದೆ ಓಡಿತು. ಕಾಕಾ ಕೊಡೆ ಹಿಡಿದು ನಿಂತು ನೋಡಿದರು. ಫೆಬ್ರುವರಿಯಲ್ಲಿ ಇನ್ನೊಂದು ಸ್ಪರ್ಧೆಗೆ ಹೋಗಿ ಬಂದರು. ಬಹುಮಾನ ಬರಲಿಲ್ಲ, ಆದರೆ ಗಾಡಿ ಗೆರೆಯ ಕೊನೆ ಮುಟ್ಟಿತು. ಅದಕ್ಕಿಂತ ಹೆಚ್ಚಾಗಿ, ಮಗಳು ಈಗ ಭಾನುವಾರಗಳಲ್ಲಿ ಎರಡನೆಯ ಮಹಡಿಗೆ ಹೋಗುತ್ತಾಳೆ. ಅವಳು ಅವರಿಗೆ ಮೊಬೈಲಿನಲ್ಲಿ ವಿಡಿಯೋ ಕಾಲ್ ಮಾಡುವುದನ್ನು ಕಲಿಸುತ್ತಾಳೆ, ಅವರು ಅವಳಿಗೆ ರಿಲೇ ಎಂದರೇನು ಎಂದು ಕಲಿಸುತ್ತಾರೆ. ಅವಳ ಕನ್ನಡ ಇನ್ನೂ ಮುರುಕಲೇ. ಆದರೆ ಬಾಯಿ ತೆರೆದಿದೆ.

ಯುವ ಮಿತ್ರರೇ, ನಮ್ಮ ಸಂಘದ ಸದಸ್ಯರಲ್ಲಿ ಎಷ್ಟು ಜನ ನಿವೃತ್ತ ಇಂಜಿನಿಯರುಗಳಿಲ್ಲ, ಎಷ್ಟು ಜನ ಕುಶಲಕರ್ಮಿಗಳಿಲ್ಲ! ರಾಜ್ಯೋತ್ಸವದ ದಿನ ಮುಂದಿನ ಸಾಲಿನಲ್ಲಿ ಕುಳಿತು ನಿಮ್ಮ ನೃತ್ಯಕ್ಕೆ ಚಪ್ಪಾಳೆ ತಟ್ಟುವ ಆ ಅಜ್ಜ ಒಂದು ಕಾಲದಲ್ಲಿ ಬಂದರಿನ ಕ್ರೇನು ನಡೆಸಿದವರಿರಬಹುದು. ಸಾರು ಬಡಿಸುವ ಆ ಮಾವ ನಿಮಗಿಂತ ಚೆನ್ನಾಗಿ ಬೆಸುಗೆ ಹಾಕಬಲ್ಲವರಿರಬಹುದು. ಕೇಳದೆ ಹೇಗೆ ತಿಳಿದೀತು? ತಿಂಗಳಿಗೊಂದು ಭಾನುವಾರ ಸಂಘದ ಸಭಾಂಗಣವನ್ನು ಇಂಥ ಕೆಲಸಕ್ಕೆ ತೆರೆದಿಡಬೇಕೆಂದು ಕಾರ್ಯಕಾರಿ ಸಮಿತಿಗೆ ಈ ಪುಟಗಳ ಮೂಲಕವೇ ನನ್ನ ವಿನಂತಿ. ಮೇಜು, ಕುರ್ಚಿ, ಕರೆಂಟು ಅಲ್ಲಿವೆ. ಚಹಾ, ಚುರುಮುರಿ ನನ್ನ ಜವಾಬ್ದಾರಿ.

ಗಾಡಿ, ಪೈಪು, ಮುರಿದ ಆಟಿಕೆ, ಏನಿದ್ದರೂ ತನ್ನಿ. ಮುರುಕಲು ಕನ್ನಡವನ್ನೂ ಧಾರಾಳವಾಗಿ ತನ್ನಿ. ನನ್ನ ಚಟ್ನಿಪುಡಿ ಡಬ್ಬಿಯ ಮುಚ್ಚಳ ಮಾತ್ರ ದಯಮಾಡಿ ಹಿಂದಿರುಗಿಸಿ!